ಲಾಲ್‌ಬಾಗಿನ ಸಸ್ಯಗಳೂ ಕುಂಪಣಿಯ ಕಾಲದ ಚರಿತ್ರೆಯೂ

೧

ಒಂದು ನಾಡಿನ ಪೂರ್ವವೃತ್ತಾಂತವನ್ನು ತಿಳಿಯುವುದಕ್ಕೆ ಶಿಲಾಶಾಸನ, ತಾಮ್ರಶಾಸನ, ನಾಣ್ಯ, ಕಡತ, ಕೈಫಿಯತ್ತು ಮೊದಲಾದುವು ಮುಖ್ಯ ಸಾಧನಗಳೆಂಬುದು ಸರ್ವವಿದಿತವಾದ ವಿಷಯ. ಇವುಗಳ ಸಾಲಿನಲ್ಲಿ ಗಿಡಮರಗಳನ್ನೂ ತೋಟಗಳನ್ನೂ ಸೇರಿಸಬಹುದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಮರಕ್ಕೆ ಲಿಪಿಯಿಲ್ಲ, ತೋಟದಲ್ಲಿ ತಿಥಿ ವಾರ ಸಂವತ್ಸರಗಳನ್ನು ಬರೆದಿಟ್ಟಿರುವುದಿಲ್ಲ. ಆದರೂ ಒಂದು ಮರವು ಈ ನೆಲದಲ್ಲಿ ತಾನಾಗಿ ಹುಟ್ಟಿದುದಲ್ಲ, ಕಡಲಾಚೆಯಿಂದ ಬಂದುದು ಎಂದು ಗೊತ್ತಾದೊಡನೆಯೇ, ಅದನ್ನು ತಂದವರಾರು, ಏತಕ್ಕಾಗಿ ತಂದರು, ಯಾರ ದುಡಿಮೆಯಿಂದ ಬೆಳೆಯಿತು, ಅದರ ಫಲವು ಯಾರಿಗೆ ಸೇರಿತು ಎಂಬ ಪ್ರಶ್ನೆಗಳು ಏಳುತ್ತವೆ. ಈ ಪ್ರಶ್ನೆಗಳು ಸಸ್ಯಶಾಸ್ತ್ರದವಲ್ಲ, ಚರಿತ್ರೆಯವು.

ಇಂತಹ ವಿಚಾರಕ್ಕೆ ನಮ್ಮ ನಾಡಿನಲ್ಲಿ ಬೆಂಗಳೂರಿನ ಲಾಲ್‌ಬಾಗಿಗಿಂತ ಯೋಗ್ಯವಾದ ಸ್ಥಳವು ಮತ್ತೊಂದಿಲ್ಲ. ಹೈದರಾಲಿಯಿಂದ ಮೊದಲಾಗಿ ಈಸ್ಟ್ ಇಂಡಿಯಾ ಕುಂಪಣಿ, ಇಂಗ್ಲಿಷ್ ಕಮಿಷನರುಗಳು, ಮೈಸೂರು ಅರಸರು, ಸ್ವತಂತ್ರ ಭಾರತದ ಸರ್ಕಾರಗಳು, ಹೀಗೆ ಒಂದಾದ ಮೇಲೊಂದು ಪ್ರಭುತ್ವದ ಕೈಯಲ್ಲಿ ಈ ತೋಟವು ಇದ್ದು ಬಂದಿದೆ. ಇದರ ವಿಷಯವಾಗಿ ರೂಢಿಯಲ್ಲಿರುವ ಕಥನವು ಹೀಗಿದೆ: ಮೊದಲು ಇದು ನವಾಬರ ವಿಲಾಸಕ್ಕಾಗಿ ಆದ ತೋಟ, ಇಂಗ್ಲಿಷರು ಬಂದ ತರುವಾಯ ಇದು ಶಾಸ್ತ್ರಕ್ಕೂ ಲೋಕೋಪಯೋಗಕ್ಕೂ ತಿರುಗಿತು. ಈ ಮಾತು ಅರ್ಧಸತ್ಯವೆಂದು ನಮಗೆ ತೋರುತ್ತದೆ. ೧೭೯೯ರಲ್ಲಿ ಬದಲಾದುದು ತೋಟದ ಸ್ವಭಾವಕ್ಕಿಂತ ಹೆಚ್ಚಾಗಿ, ಅದರ ಲಾಭನಷ್ಟಗಳನ್ನು ಯಾರ ಲೆಕ್ಕದಲ್ಲಿ ಬರೆಯಬೇಕೆಂಬ ವಿಷಯ. ಇದನ್ನು ಗಿಡಮರಗಳ ಸಾಕ್ಷ್ಯದಿಂದಲೇ ವಿವರಿಸುವುದು ಈ ಲೇಖನದ ಉದ್ದೇಶ.

೨

ಪ್ರಕೃತ ವಿಷಯಕ್ಕೆ ಬರುವ ಮುನ್ನ ಒಂದು ಮಾತನ್ನು ಹೇಳಬೇಕು. ಪರದೇಶದ ಸಸ್ಯಗಳು ನಮ್ಮಲ್ಲಿಗೆ ಬರತೊಡಗಿದುದು ಇಂಗ್ಲಿಷರಿಂದಲ್ಲ. ೧೪೯೮ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬಂದು, ೧೫೧೦ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ತರುವಾಯ, ಅಮೆರಿಕಾ ಖಂಡದ ಅನೇಕ ಸಸ್ಯಗಳು ನಮ್ಮ ಪಶ್ಚಿಮ ಕರಾವಳಿಗೆ ಇಳಿದುವು. ಗೇರು, ಅನಾನಸು, ಪರಂಗಿ, ಸೀಬೆ, ಹೊಗೆಸೊಪ್ಪು, ಮೆಣಸಿನಕಾಯಿ ಇವೆಲ್ಲವೂ ಅಮೆರಿಕಾ ಮೂಲದವು. ಈ ಸಂಗತಿಗೆ ನಮ್ಮ ಭಾಷೆಯೇ ಸಾಕ್ಷಿಯಾಗಿದೆ. ಅನಾನಸು, ಬಟಾಟೆ ಎಂಬ ಶಬ್ದಗಳು ಪೋರ್ಚುಗೀಸರ ಬಾಯಿಂದ ಬಂದುವು. ಪರಂಗಿ ಎಂಬ ಹೆಸರು ಫಿರಂಗಿಯವರ ಹಣ್ಣೆಂಬುದನ್ನು ಇಂದಿಗೂ ಸಾರುತ್ತಿದೆ.

ಇವುಗಳಲ್ಲಿ ಮೆಣಸಿನಕಾಯಿಯ ಕಥೆ ವಿಶೇಷವಾದುದು. ಮೆಣಸು ಎಂಬುದು ನಮ್ಮ ಮಲೆನಾಡಿನ ಬಳ್ಳಿಯ ಹೆಸರು. ಅದನ್ನು ಹುಡುಕಿಕೊಂಡೇ ಪಶ್ಚಿಮದ ಹಡಗುಗಳು ಇಲ್ಲಿಗೆ ಬಂದುವು. ಅದೇ ಹಡಗುಗಳಲ್ಲಿ ಬಂದ ಹೊಸ ಕಾಯಿಯು ಖಾರದಲ್ಲಿ ಅದನ್ನು ಹೋಲುತ್ತಿದ್ದುದರಿಂದ ಮೆಣಸಿನಕಾಯಿಯೆನಿಸಿತು. ಕಾಲಕ್ರಮದಲ್ಲಿ ಹೊಸದು ಮನೆಮನೆಯ ಅಡಿಗೆಯನ್ನೂ ಆಕ್ರಮಿಸಲು, ಹಳೆಯ ಮೆಣಸು ತನ್ನ ಗುರುತಿಗಾಗಿ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣವನ್ನು ಹಚ್ಚಿಕೊಳ್ಳಬೇಕಾಯಿತು. ಅತಿಥಿಯು ಮನೆಯ ಹೆಸರನ್ನೇ ಪಡೆದು, ಮನೆಯವನಿಗೆ ಅಡ್ಡಹೆಸರು ಬಂದಂತಾಯಿತು. ವಾಣಿಜ್ಯದ ಚರಿತ್ರೆಯು ಒಂದು ಶಬ್ದದಲ್ಲಿ ಹೇಗೆ ಅಡಗಿರಬಲ್ಲುದೆಂಬುದಕ್ಕೆ ಇದೊಂದು ದೃಷ್ಟಾಂತ.

ತರುವಾಯದ ಪದರವೊಂದು ‘ಸೀಮೆ’ ಎಂಬ ಶಬ್ದದಲ್ಲಿದೆ. ಎಲ್ಲೆ, ಪ್ರಾಂತ ಎಂಬ ಅರ್ಥದ ಈ ಶಬ್ದವು ಪರದೇಶದ, ವಿಶೇಷವಾಗಿ ಬಿಳಿಯರ ನಾಡಿನ, ಪದಾರ್ಥಗಳಿಗೆ ಮುನ್ನೊತ್ತಾಗಿ ನಿಂತಿತು. ಸೀಮೆಎಣ್ಣೆ, ಸೀಮೆಸುಣ್ಣಗಳಂತೆಯೇ ಸೀಮೆಬದನೆ, ಸೀಮೆಹುಣಸೆ, ಸೀಮೆಅಗಸೆಗಳೂ ಹುಟ್ಟಿದುವು. ಈ ಮೂರು ಸಸ್ಯಗಳೂ ವಸ್ತುತಃ ಅಮೆರಿಕಾ ಖಂಡದವು, ಇಂಗ್ಲೆಂಡಿನಲ್ಲಿ ಬೆಳೆಯತಕ್ಕವಲ್ಲ. ಆದುದರಿಂದ ಸೀಮೆ ಎಂಬ ಮಾತು ಗಿಡವು ಹುಟ್ಟಿದ ದೇಶವನ್ನು ತಿಳಿಸುವುದಿಲ್ಲ. ಅದು ಬಂದ ದಾರಿಯನ್ನೂ ಕಾಲವನ್ನೂ ತಿಳಿಸುತ್ತದೆ. ಚರಿತ್ರಕಾರನಿಗೆ ಬೇಕಾದುದು ಇದೇ.

೩

ಹೈದರಾಲಿಯು ೧೭೬೦ರ ಸುಮಾರಿನಲ್ಲಿ ಬೆಂಗಳೂರು ಕೋಟೆಯ ಆಗ್ನೇಯಕ್ಕೆ ಲಾಲ್‌ಬಾಗನ್ನು ಆರಂಭಿಸಿದನು. ಆಗ ಅದರ ವಿಸ್ತಾರವು ಸುಮಾರು ೪೦ ಎಕರೆಗಳು. ಸಿರಾ ಪಟ್ಟಣದಲ್ಲಿ ಮೊಗಲ್ ಸುಬೇದಾರರು ಮಾಡಿಸಿದ್ದ ತೋಟವನ್ನು ನೋಡಿ ಇದನ್ನು ಮಾಡಿಸಿದನೆಂದು ಪ್ರತೀತಿ. ಅವನ ಮಗನಾದ ಟಿಪ್ಪು ಸುಲ್ತಾನನು ಇದನ್ನು ಮುಂದುವರಿಸಿ, ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ನೆಡಿಸಿದನು.

ಈ ತೋಟವು ಹೇಗಿದ್ದಿತೆಂಬುದಕ್ಕೆ ಫ್ರಾನ್ಸಿಸ್ ಬುಕಾನನ್ ಎಂಬ ಕುಂಪಣಿಯ ವೈದ್ಯನ ಬರವಣಿಗೆಯು ಆಧಾರವಾಗಿದೆ. ಟಿಪ್ಪುವು ಮಡಿದ ಮರುವರ್ಷ, ಎಂದರೆ ೧೮೦೦ರ ಮೇ ತಿಂಗಳಲ್ಲಿ, ಆತನು ಬೆಂಗಳೂರಿಗೆ ಬಂದು ತೋಟವನ್ನು ನೋಡಿದನು. ನೆಲವನ್ನು ಚೌಕಚೌಕವಾಗಿ ವಿಭಾಗಿಸಿ, ನಡುವೆ ನಡೆಯುವ ದಾರಿಗಳನ್ನು ಬಿಟ್ಟು, ದಾರಿಗಳ ಇಕ್ಕೆಲಗಳಲ್ಲಿ ಸುರುಗಿಡಗಳೆನಿಸುವ ಸೈಪ್ರೆಸ್ ಮರಗಳನ್ನು ಸಾಲಾಗಿ ಬೆಳೆಸಿದ್ದರು. ಒಂದೊಂದು ಚೌಕಕ್ಕೂ ಒಂದೊಂದು ಜಾತಿಯ ಗಿಡ: ಒಂದರಲ್ಲಿ ಗುಲಾಬಿ, ಮತ್ತೊಂದರಲ್ಲಿ ದಾಳಿಂಬೆ, ಹೀಗೆ. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಿಂದ ತರಿಸಿದ ಓಕ್ ಮರಗಳೂ ಪೈನ್ ಮರಗಳೂ ಅಲ್ಲಿ ಚೆನ್ನಾಗಿ ಬೆಳೆಯುತ್ತಿದ್ದುವು. ಇದು ಕೇವಲ ಅಲಂಕಾರದ ಹೂದೋಟವಲ್ಲ, ಹಣ್ಣಿನ ತೋಟ. ಜೊತೆಗೆ ಹೊಸ ಗಿಡಗಳು ಈ ಹವೆಗೆ ಒಗ್ಗುವುವೆ ಎಂದು ಪರೀಕ್ಷಿಸಿದ ಸ್ಥಳವೂ ಹೌದು.

ಟಿಪ್ಪುವಿಗೆ ಸಸ್ಯಗಳಲ್ಲಿದ್ದ ಆಸಕ್ತಿಯು ವಿಲಾಸಕ್ಕೆ ಮಾತ್ರ ಸಂಬಂಧಪಟ್ಟುದಲ್ಲವೆಂಬುದಕ್ಕೆ ಬೇರೆ ಪ್ರಮಾಣಗಳೂ ಇವೆ. ೧೭೮೮ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಯ ಆಸ್ಥಾನವನ್ನು ಸೇರಿದ ಅವನ ರಾಯಭಾರಿಗಳು ಸೈನ್ಯಸಹಾಯವನ್ನು ಕೇಳಿದುದಲ್ಲದೆ, ಕುಶಲ ಕೈಗಾರರನ್ನೂ ತೋಟಗಾರರನ್ನೂ ಬೀಜಗಳನ್ನೂ ಬೇಡಿದರು. ಅದಕ್ಕೆ ಮುಂಚೆಯೇ ಅವನು ಬಂಗಾಳದಿಂದಲೂ ಮಸ್ಕತ್ತಿನ ಕಡೆಯಿಂದಲೂ ರೇಷ್ಮೆಹುಳುಗಳನ್ನು ತರಿಸುವ ಏರ್ಪಾಟು ಮಾಡಿ, ಅವುಗಳ ಮೇವಿಗಾಗಿ ಹಿಪ್ಪುನೇರಳೆಯನ್ನು ಬೆಳೆಸುವಂತೆ ಅಪ್ಪಣೆ ಕೊಟ್ಟಿದ್ದನು. ಮೈಸೂರು ಸೀಮೆಯ ರೇಷ್ಮೆಯ ಉದ್ಯಮಕ್ಕೆ ಅಂದು ಬಿದ್ದ ಬೇರು ಇಂದಿಗೂ ಒಣಗಿಲ್ಲ. ಉಪಯುಕ್ತ ಸಸ್ಯವನ್ನು ದೂರದಿಂದ ತರಿಸಿ, ಅದನ್ನು ಒಗ್ಗಿಸಿ, ಕೈಕಸಬನ್ನು ಹುಟ್ಟಿಸಿ, ರಾಜ್ಯದ ಹುಟ್ಟುವಳಿಯನ್ನು ಹೆಚ್ಚಿಸಬೇಕೆಂಬ ವಿಚಾರವನ್ನು ಇಂಗ್ಲಿಷರು ನಮಗೆ ಹೊಸದಾಗಿ ಕಲಿಸಿದರೆಂದು ಹೇಳುವುದು ಹೀಗಿರಲಾಗಿ ಸರಿಯಾಗದು. ಅದೇ ಕಾಲದಲ್ಲಿ ಎರಡು ಪ್ರಭುತ್ವಗಳೂ ಅದೇ ವಿಚಾರವನ್ನು ಅನುಸರಿಸುತ್ತಿದ್ದುವು.

೪

ಕುಂಪಣಿಯವರು ಮೈಸೂರಿನ ತೋಟಗಳೊಡನೆ ಮೊದಲು ವ್ಯವಹರಿಸಿದುದು ಸಸ್ಯಶಾಸ್ತ್ರದ ಮೂಲಕವಲ್ಲ, ಕೊಡಲಿಯ ಮೂಲಕ. ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗದಲ್ಲಿ, ಹೈದರನ ಸಮಾಧಿಯಿರುವೆಡೆಯಲ್ಲಿ, ಲಾಲ್‌ಬಾಗೆಂಬ ಹೆಸರಿನ ಮತ್ತೊಂದು ತೋಟವಿದ್ದಿತು. ೧೭೯೨ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಕೋಟೆಗೆ ಮುತ್ತಿಗೆ ಹಾಕಿದಾಗ, ಮರೆಗಟ್ಟಲು ಬೇಕಾದ ಕಟ್ಟಿಗೆಯ ಕಂತೆಗಳಿಗೂ ಮಣ್ಣು ತುಂಬುವ ಬುಟ್ಟಿಗಳಿಗೂ ಈ ತೋಟದ ಸೈಪ್ರೆಸ್ ಸಾಲುಗಳನ್ನು ಕಡಿದರು. ಅಲ್ಲಿನ ಅರಮನೆಯು ಗಾಯಾಳುಗಳ ಆಸ್ಪತ್ರೆಯಾಯಿತು. ಸುಲ್ತಾನನು ಬೆಳೆಸಿದ ಮರಗಳೇ ಸುಲ್ತಾನನ ಕೋಟೆಯ ಮೇಲೆ ಉಪಯೋಗವಾದುವು. ದ್ವೀಪದಲ್ಲಿ ಇಂದು ಕಾಣುವ ಮರಗಳನ್ನು ನೋಡುವಾಗ ಈ ಸಂಗತಿಯನ್ನು ನೆನೆಯುವುದು ಅವಶ್ಯಕ.

ಏಳು ವರ್ಷಗಳ ತರುವಾಯ, ೧೭೯೯ರ ಮೇ ೪ರಂದು, ಟಿಪ್ಪುವು ಮಡಿದನು. ಬೆಂಗಳೂರಿನ ಲಾಲ್‌ಬಾಗು ಕುಂಪಣಿಯ ವಶವಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯು ಅದನ್ನು ಕುಂಪಣಿಯ ಸಸ್ಯಶಾಸ್ತ್ರಜ್ಞನಾದ ಬೆಂಜಮಿನ್ ಹೈನೆ ಎಂಬ ಜರ್ಮನ್ ವೈದ್ಯನಿಗೆ ವಹಿಸಿಕೊಟ್ಟನು. ಅವನಿಗೆ ಕೊಟ್ಟ ಸೂಚನೆಗಳ ತಾತ್ಪರ್ಯವು ಗಮನಾರ್ಹವಾದುದು: ಅಪೂರ್ವವಾದುವು, ಅಂದವಾದುವು ಎಂಬ ಕಾರಣದಿಂದ ಗಿಡಗಳನ್ನು ಕೂಡಿಡಬಾರದು, ಉಪಯೋಗವುಳ್ಳವಕ್ಕೆ ಪ್ರಾಶಸ್ತ್ಯವಿರಬೇಕು, ಈ ನಾಡಿನ ಕಸಬುಗಳಿಗೆ ಸಂಬಂಧಿಸಿದುವನ್ನೂ, ಇಂಗ್ಲೆಂಡಿಗೆ ಪ್ರಯೋಜನಕಾರಿಯಾಗಬಲ್ಲವನ್ನೂ ಜಾಗರೂಕತೆಯಿಂದ ಸಂಗ್ರಹಿಸಬೇಕು. ಬುಕಾನನನ ಸಂಚಾರಕ್ಕೂ ಅದೇ ವೆಲ್ಲೆಸ್ಲಿಯೇ ಕಾರಣ. ಗೆದ್ದ ರಾಜ್ಯದಲ್ಲಿ ಏನು ಬೆಳೆಯುತ್ತದೆ, ಏನು ನೇಯುತ್ತಾರೆ, ಯಾವ ಮರವು ಎಲ್ಲಿದೆ ಎಂಬುದನ್ನು ಊರೂರಿಗೂ ಹೋಗಿ ವಿಚಾರಿಸಿ ಬರೆದಿಡುವುದೇ ಆತನ ಕೆಲಸ. ಆ ಬರವಣಿಗೆಯು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕನ್ನಡನಾಡಿನ ಬೇಸಾಯದ ಚರಿತ್ರೆಯನ್ನು ಬರೆಯುವವರಾರೂ ಇಂದಿಗೂ ಅದನ್ನು ಬಿಡುವಂತಿಲ್ಲ. ಆದರೆ ಅದು ಮೊದಲು ಸಿದ್ಧವಾದುದು ಹೊಸ ಯಜಮಾನನ ಆಸ್ತಿಯ ಪಟ್ಟಿಯಾಗಿ ಎಂಬುದನ್ನು ಮರೆತು ಓದಬಾರದು.

ಈ ಕ್ರಮವು ಲಾಲ್‌ಬಾಗಿಗೆ ಮಾತ್ರ ವಿಶೇಷವಾದುದಲ್ಲ. ೧೭೮೭ರಲ್ಲಿ ರಾಬರ್ಟ್ ಕಿಡ್ಡನು ಕಲ್ಕತ್ತೆಯ ಬಳಿಯ ಶಿಬಪುರದಲ್ಲಿ ಕುಂಪಣಿಯ ತೋಟವನ್ನು ಸ್ಥಾಪಿಸಿದಾಗ, ಹಡಗುಕಟ್ಟಲು ತೇಗ, ಡಚ್ಚರೊಡನೆ ಸ್ಪರ್ಧಿಸಲು ಸಂಬಾರ ಪದಾರ್ಥಗಳು, ಕ್ಷಾಮಕ್ಕೆ ಪರಿಹಾರವಾಗಿ ಆಹಾರದ ಗಿಡಗಳು ಇವೇ ಗುರಿಗಳಾಗಿದ್ದುವು. ಮದರಾಸಿನಲ್ಲಿ ಡಾಕ್ಟರ್ ಜೇಮ್ಸ್ ಆಂಡರ್‌ಸನ್ನನು ಸೈದಾಪೇಟೆಯಲ್ಲಿ ಕಳ್ಳಿಯ ತೋಟವೊಂದನ್ನು ಹಾಕಿದನು. ಮೆಕ್ಸಿಕೋ ದೇಶದಲ್ಲಿ ಒಂದು ಜಾತಿಯ ಕಳ್ಳಿಯ ಮೇಲೆ ಜೀವಿಸುವ ಕಾಚಿನೀಲ್ ಎಂಬ ಹುಳುವನ್ನು ಒಣಗಿಸಿದರೆ ಶ್ರೇಷ್ಠವಾದ ಕೆಂಪು ಬಣ್ಣವು ದೊರೆಯುತ್ತದೆ. ಆ ವ್ಯಾಪಾರವು ಸ್ಪೇನಿನವರ ಸ್ವಾಮ್ಯದಲ್ಲಿದ್ದಿತು. ಅದನ್ನು ಮುರಿಯಬೇಕೆಂಬುದು ಕುಂಪಣಿಯ ಹಂಬಲ. ೧೮೦೦ರಲ್ಲಿ ಸೈದಾಪೇಟೆಯ ತೋಟವನ್ನು ಮುಚ್ಚಿದಾಗ ಅಲ್ಲಿನ ಗಿಡಗಳನ್ನು ಬೆಂಗಳೂರಿನ ಲಾಲ್‌ಬಾಗಿಗೆ ಸಾಗಿಸಿದರು. ಹೀಗೆ ಲಾಲ್‌ಬಾಗು ಒಂದು ದೊಡ್ಡ ಬಲೆಯ ಕಣ್ಣುಗಳಲ್ಲೊಂದಾಯಿತು.

ಹೈನೆಯು ಶ್ರದ್ಧಾವಂತನಾದ ಶಾಸ್ತ್ರಜ್ಞನೆಂಬುದರಲ್ಲಿ ಸಂದೇಹವಿಲ್ಲ. ಆತನು ಸಂಗ್ರಹಿಸಿದ ಒಣಗಿಸಿದ ಸಸ್ಯಗಳು ಜರ್ಮನಿಗೆ ಹೋದುವು. ಅವುಗಳನ್ನು ಪರೀಕ್ಷಿಸಿ ಆಲ್ಬ್ರೆಖ್ಟ್ ರೋತ್ ಎಂಬ ವಿದ್ವಾಂಸನು ೧೮೨೧ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥವನ್ನು ಪ್ರಕಟಿಸಿದನು. ದಕ್ಷಿಣ ದೇಶದ ಅನೇಕ ಗಿಡಗಳಿಗೆ ಶಾಸ್ತ್ರೀಯ ನಾಮಕರಣವು ಆ ಗ್ರಂಥದಲ್ಲಿ ನಡೆಯಿತು. ನಮ್ಮ ಹಳ್ಳಿಗರು ಹುಟ್ಟಿದಂದಿನಿಂದ ಬಲ್ಲ ಗಿಡಗಳು, ಅವುಗಳನ್ನು ಬೆಳೆದಂತೆ ಎಂದೂ ಕಾಣದಿದ್ದವನ ಲೇಖನಿಯಿಂದ ಲೋಕಕ್ಕೆ ಪರಿಚಿತವಾದುವು. ಇದರಿಂದ ಶಾಸ್ತ್ರಕ್ಕೆ ಲಾಭವಾದುದು ನಿಜ. ಆದರೆ ಗಿಡವು ಹೆಸರನ್ನು ಪಡೆದಾಗ ಅದರೊಡನೆ ಬಂದಿದ್ದ ಊರಿನ ಅರಿವು ಬಹುಮಟ್ಟಿಗೆ ಹಿಂದೆಯೇ ಉಳಿಯಿತು.

೫

ಹೈನೆಯ ತರುವಾಯ ತೋಟವು ಮೇಜರ್ ಗಿಲ್ಬರ್ಟ್ ವಾ ಎಂಬ ಸೈನ್ಯಾಧಿಕಾರಿಯ ಕೈಗೆ ಬಂದಿತು. ಆತನು ೧೮೧೯ರಲ್ಲಿ ಅದನ್ನು ಕುಂಪಣಿಗೆ ಒಪ್ಪಿಸಲು, ಕಲ್ಕತ್ತೆಯ ತೋಟದ ಅಧಿಕಾರಿ ವಾಲಿಚ್ಚನ ಮೇಲ್ವಿಚಾರಣೆಗೆ ಅದು ಸೇರಿತು. ೧೮೩೧ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಾಡಳಿತವನ್ನು ತೆಗೆದುಕೊಂಡ ಮೇಲೆ ಲಾಲ್‌ಬಾಗು ಕಮಿಷನರ ಅಧೀನವಾಯಿತು. ೧೮೩೬ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದು ಹುಟ್ಟಿ ತೋಟವನ್ನು ವಹಿಸಿಕೊಂಡು, ಆರು ವರ್ಷಗಳಲ್ಲಿ ಮುರಿದುಬಿದ್ದಿತು. ೧೮೫೬ರಲ್ಲಿ ಡಾಕ್ಟರ್ ಹ್ಯೂ ಕ್ಲೆಗಾರ್ನನ ಸಲಹೆಯಂತೆ ಇದು ಸರ್ಕಾರಿ ಸಸ್ಯಶಾಸ್ತ್ರೀಯ ತೋಟವಾಯಿತು. ಲಂಡನ್ನಿನ ಬಳಿಯ ಕ್ಯೂ ತೋಟದಲ್ಲಿ ಶಿಕ್ಷಣ ಪಡೆದ ವಿಲಿಯಮ್ ನ್ಯೂ ೧೮೫೮ರಲ್ಲಿ ಅಧೀಕ್ಷಕನಾಗಿ ಬಂದನು.

ಈ ಕ್ಯೂ ತೋಟವು ಆ ಶತಮಾನದಲ್ಲಿ ಸಾಮ್ರಾಜ್ಯದ ಸಸ್ಯಗಳ ಕಚೇರಿಯಂತಿದ್ದಿತು. ಒಂದು ಖಂಡದ ಬೀಜವು ಅಲ್ಲಿಗೆ ಹೋಗಿ ಮತ್ತೊಂದು ಖಂಡದಲ್ಲಿ ಮೊಳೆಯುತ್ತಿತ್ತು. ದಕ್ಷಿಣ ಅಮೆರಿಕಾದ ಆಂಡೀಸ್ ಪರ್ವತಗಳ ಸಿಂಕೋನಾ ಮರವು ೧೮೬೦ರಲ್ಲಿ ನಮ್ಮ ನೆರೆಯ ನೀಲಗಿರಿಗೆ ಬಂದುದು ಈ ಏರ್ಪಾಟಿನಿಂದಲೇ. ಅದರ ತೊಗಟೆಯಿಂದಾಗುವ ಕ್ವಿನೈನ್ ಮಲೇರಿಯಾ ಜ್ವರಕ್ಕೆ ಔಷಧ. ಜ್ವರದ ನಾಡುಗಳಲ್ಲಿ ಬಿಳಿಯ ಸೈನಿಕರೂ ಅಧಿಕಾರಿಗಳೂ ಬದುಕಿ ಉಳಿಯಬೇಕೆಂಬುದು ಮುಖ್ಯ ಪ್ರೇರಣೆ. ಆದರೆ ಔಷಧವು ಕಾಲಕ್ರಮದಲ್ಲಿ ಸಾಮಾನ್ಯರಿಗೂ ದೊರೆಯಿತು. ಒಂದು ಗಿಡದ ಉಪಕಾರವು ಅದನ್ನು ತಂದವನ ಉದ್ದೇಶದಷ್ಟಕ್ಕೇ ನಿಲ್ಲುವುದಿಲ್ಲವೆಂಬುದನ್ನೂ ಒಪ್ಪಬೇಕು.

೧೮೭೪ರಲ್ಲಿ ಕ್ಯೂ ತೋಟದಿಂದಲೇ ಜಾನ್ ಕ್ಯಾಮರನ್ ಬಂದನು. ಆತನು ೧೯೦೮ರವರೆಗೆ, ಎಂದರೆ ೩೪ ವರ್ಷಗಳ ಕಾಲ, ಇಲ್ಲಿದ್ದನು. ಈ ನಡುವೆ ೧೮೮೧ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಅಧೀಕ್ಷಕನು ಅವನೇ, ಗಿಡಗಳೂ ಅವೇ. ಆದರೆ ತೋಟವು ಈಗ ಮೈಸೂರು ಸರ್ಕಾರದ್ದು. ಸೀಮೆಬದನೆಯನ್ನು ಇಲ್ಲಿ ಬೆಳೆಸಿ ಹರಡಿದವನು ಕ್ಯಾಮರನ್ನನೇ ಎನ್ನುತ್ತಾರೆ. ಮಧ್ಯ ಅಮೆರಿಕಾದ ಈ ಬಳ್ಳಿಯು ಬೆಂಗಳೂರಿನ ಹವೆಗೆ ಎಷ್ಟು ಒಗ್ಗಿತೆಂದರೆ, ತಮಿಳುನಾಡಿನಲ್ಲಿ ಅದರ ಕಾಯನ್ನು ಬೆಂಗಳೂರು ಕತ್ತರಿಕಾಯಿ ಎಂದು ಕರೆಯುತ್ತಾರೆ. ನಮಗೆ ಸೀಮೆಯದಾದುದು ನೆರೆಯವರಿಗೆ ಬೆಂಗಳೂರಿನದಾಯಿತು! ಹೆಸರು ಕೊಡುವವರು ಗಿಡವನ್ನು ತಮಗೆ ಕೈಗೆ ಕೊಟ್ಟವರ ಗುರುತನ್ನೇ ಹೇಳುತ್ತಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಗಾಜಿನ ಮನೆಯೂ ಇದೇ ಕಾಲದ್ದು. ೧೮೮೯ರ ನವೆಂಬರ್ ೩೦ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗನಾದ ಆಲ್ಬರ್ಟ್ ವಿಕ್ಟರ್ ರಾಜಕುಮಾರನು ಅದಕ್ಕೆ ಅಸ್ತಿಭಾರವನ್ನಿಟ್ಟನು. ಲಂಡನ್ನಿನ ಸ್ಫಟಿಕದರಮನೆಯು ಅದಕ್ಕೆ ಮಾದರಿ. ಎರಕದ ಕಬ್ಬಿಣವು ಗ್ಲಾಸ್ಗೋ ನಗರದ ಕಾರ್ಖಾನೆಯಿಂದ ಬಂದಿತು. ಇಂಗ್ಲೆಂಡಿನಲ್ಲಿ ಗಾಜಿನ ಮನೆಯನ್ನು ಕಟ್ಟುವುದು ಉಷ್ಣದೇಶದ ಗಿಡಗಳನ್ನು ಚಳಿಯಿಂದ ಕಾಪಾಡುವುದಕ್ಕಾಗಿ. ಆ ಗಿಡಗಳು ಬಯಲಿನಲ್ಲಿಯೇ ಬೆಳೆಯುವ ಬೆಂಗಳೂರಿನಲ್ಲಿ ಅದರ ಪ್ರಯೋಜನವು ಬೇರೆ: ಫಲಪುಷ್ಪಪ್ರದರ್ಶನ, ಸಭೆ, ಸತ್ಕಾರ. ರೂಪವು ಕಡಲು ದಾಟಿ ಬಂದಿತು. ಅಗತ್ಯವು ಅಲ್ಲಿಯೇ ಉಳಿಯಿತು. ಆದರೂ ನಮ್ಮ ಜನರು ಅದನ್ನು ತಮ್ಮದಾಗಿ ಮಾಡಿಕೊಂಡಿದ್ದಾರೆ. ಇಂದು ಜನವರಿ ಮತ್ತು ಆಗಸ್ಟ್ ತಿಂಗಳುಗಳ ಪ್ರದರ್ಶನಗಳು ನಡೆಯುವುದು ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಸಂಬಂಧಿಸಿಯೇ.

೧೯೦೮ರಿಂದ ೧೯೩೨ರವರೆಗೆ ಅಧಿಕಾರದಲ್ಲಿದ್ದ ಗುಸ್ತಾವ್ ಹೆರ್ಮಾನ್ ಕ್ರುಂಬೀಗೆಲ್ ಜರ್ಮನಿಯಲ್ಲಿ ಹುಟ್ಟಿ, ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬಡೋದೆಯ ಮಹಾರಾಜರ ಸೇವೆಯಲ್ಲಿದ್ದು ಮೈಸೂರಿಗೆ ಬಂದವನು. ಒಂದು ಮರದ ಹೂ ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ನೆಡಿಸಬೇಕೆಂಬುದು ಆತನ ಯೋಜನೆ. ನಗರದ ಬೀದಿಗಳನ್ನು ಅಲಂಕರಿಸಿರುವ ಗುಲ್ಮೊಹರ್ ಮಡಗಾಸ್ಕರ್ ದ್ವೀಪದ್ದು. ಜಕರಂಡವೂ ಮಳೆಮರವೂ ಅಮೆರಿಕಾ ಖಂಡದವು. ೧೯೩೨ರಲ್ಲಿ ಎಚ್. ಸಿ. ಜವರಾಯರು ಅಧೀಕ್ಷಕರಾದರು. ಆ ಸ್ಥಾನಕ್ಕೆ ಬಂದ ಭಾರತೀಯರಲ್ಲಿ ಅವರೇ ಮೊದಲಿಗರು. ಸರ್ಕಾರಿ ತೋಟವೆಂದು ಹೆಸರಾದಂದಿನಿಂದ ೭೬ ವರ್ಷಗಳು ಅದಕ್ಕೆ ಹಿಡಿದುವು.

೬

ತಂದ ಗಿಡಗಳೆಲ್ಲವೂ ತಂದವರ ಮಾತನ್ನು ಕೇಳಲಿಲ್ಲ. ಮೇಲೆ ಹೇಳಿದ ಕಳ್ಳಿಯ ವೃತ್ತಾಂತವು ಇಲ್ಲಿ ಪೂರ್ತಿಯಾಗುತ್ತದೆ. ೧೭೯೫ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತನು ಬ್ರೆಜಿಲ್ ದೇಶದಿಂದ ಕಲ್ಕತ್ತೆಗೆ ತಂದ ಹುಳು ಮೆಕ್ಸಿಕೋವಿನ ಶ್ರೇಷ್ಠ ಕಾಚಿನೀಲ್ ಅಲ್ಲ, ಅದರ ಕಾಡುಜಾತಿ. ಬಣ್ಣವು ಕೀಳಾಯಿತು, ವ್ಯಾಪಾರವು ಕೈಗೂಡಲಿಲ್ಲ. ಬಣ್ಣದ ಆಸೆಯು ಬತ್ತಿದರೂ ಪಾಪಾಸುಕಳ್ಳಿಗಳು ಮಾತ್ರ ಬೇಲಿಗಳಿಂದ ಹೊರಟು ಗೋಮಾಳಗಳಿಗೂ ಹೊಲಗಳಿಗೂ ಹಬ್ಬಿದುವು. ಬಣ್ಣಕ್ಕೆ ನಿಷ್ಪ್ರಯೋಜಕವಾದ ಆ ಹುಳುವೇ ಒಂದು ಜಾತಿಯ ಕಳ್ಳಿಯನ್ನು ತಿಂದು ನಾಶಗೊಳಿಸಿತು. ಉಳಿದ ಮತ್ತೊಂದು ಜಾತಿಯನ್ನು ಹತೋಟಿಗೆ ತರಲು ೧೯೨೬ರಲ್ಲಿ ಸಿಂಹಳದಿಂದ ಬೇರೊಂದು ಜಾತಿಯ ಕಾಚಿನೀಲ್ ಹುಳುವನ್ನು ತರಬೇಕಾಯಿತು. ಲಾಭಕ್ಕಾಗಿ ಮಾಡಿದ ಪ್ರಯತ್ನದ ಲೆಕ್ಕವನ್ನು ನೂರಕ್ಕೂ ಹೆಚ್ಚು ವರ್ಷಗಳ ಕಾಲ ರೈತನು ತೀರಿಸಿದನು.

ಲಂಟಾನದ ಕಥೆಯು ಇನ್ನೂ ಮುಗಿದಿಲ್ಲ. ಅಮೆರಿಕಾ ಮೂಲದ ಈ ಪೊದೆಯು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ, ಹೂವಿನ ಅಂದಕ್ಕಾಗಿ, ಕಲ್ಕತ್ತೆಯ ತೋಟಕ್ಕೆ ಬಂದಿತು. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಹರಡಿದುವು. ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಾಡುಗಳಲ್ಲಿ ಅದು ನೆಲವನ್ನು ಮುಚ್ಚಿ, ಹುಲ್ಲನ್ನೂ ಎಳೆಯ ಸಸಿಗಳನ್ನೂ ಮೇಲೇಳಗೊಡಿಸದಂತಾಗಿದೆ. ಬಿಳಿಗಿರಿಯ ಸೋಲಿಗರು ಇದಕ್ಕೊಂದು ಕಾರಣವನ್ನು ಹೇಳುತ್ತಾರೆ. ಹಿಂದೆ ವರ್ಷದ ಆರಂಭದಲ್ಲಿ ಅವರು ಒಣಗಿದ ಎಲೆಗಳಿಗೆ ಸಣ್ಣದಾಗಿ ಹಚ್ಚುತ್ತಿದ್ದ ತರಗುಬೆಂಕಿಯು ಎಳೆಯ ಲಂಟಾನವನ್ನು ಸುಡುತ್ತಿತ್ತು. ಕಾಡಿನ ಇಲಾಖೆಯ ನಿಯಮಗಳು ಆ ಬೆಂಕಿಯನ್ನು ನಿಲ್ಲಿಸಿದ ಮೇಲೆ ಅದಕ್ಕೆ ತಡೆಯಿಲ್ಲದಾಯಿತು. ಬೆಂಕಿಯ ನಿಷೇಧವೆಂಬುದೂ ಇಂಗ್ಲಿಷರ ಕಾಲದ ಅರಣ್ಯನೀತಿಯಿಂದ ಬಂದ ಪದ್ಧತಿಯೇ. ಗಿಡವನ್ನು ತಂದುದೂ, ಅದನ್ನು ತಡೆಯುತ್ತಿದ್ದ ಕೈಯನ್ನು ಹಿಡಿದುದೂ ಒಂದೇ ಆಡಳಿತದ ಎರಡು ಕಾರ್ಯಗಳೆಂಬುದನ್ನು ಇಲ್ಲಿ ಗಮನಿಸಬೇಕು.

೭

ಇಷ್ಟರವರೆಗೆ ನಾವು ಹೆಸರಿಸಿದವರಲ್ಲಿ ಬಹುಮಂದಿ ಅರಸರು, ಅಧಿಕಾರಿಗಳು, ವಿದ್ವಾಂಸರು. ಆದರೆ ಪಾತಿಯನ್ನು ಕಟ್ಟಿದವರು, ಕಪಿಲೆಯಿಂದ ನೀರೆತ್ತಿದವರು, ಒಗ್ಗದ ಗಿಡಕ್ಕೆ ಗೊಬ್ಬರವನ್ನೂ ನೆರಳನ್ನೂ ಹೊಂದಿಸಿದವರು ಬೇರೆ. ಬೆಂಗಳೂರಿನ ಸುತ್ತಣ ತೋಟಗಾರಿಕೆಯಲ್ಲಿ ತಿಗಳ ಸಮುದಾಯದವರ ಪಾತ್ರವು ಪ್ರಸಿದ್ಧವಾದುದು. ನಗರದ ಕರಗದ ಉತ್ಸವವನ್ನು ನಡೆಸುವವರೂ ಅವರೇ. ಬಹುಕಾಲದ ಅನುಭವದಿಂದ ಬಂದ ಅವರ ವಿದ್ಯೆಯಿಲ್ಲದೆ ಹೈದರನ ಗುಲಾಬಿಯಾಗಲಿ ಕ್ಯಾಮರನ್ನನ ಸೀಮೆಬದನೆಯಾಗಲಿ ಬೇರುಬಿಡುತ್ತಿರಲಿಲ್ಲ.

ಚಿತ್ರಗಾರರ ವಿಷಯವೂ ಹೀಗೆಯೇ. ಕ್ಲೆಗಾರ್ನನು ೧೮೪೦ರ ದಶಕದಲ್ಲಿ ಶಿವಮೊಗ್ಗೆಯಲ್ಲಿದ್ದಾಗ ದಿನಕ್ಕೊಂದು ಗಿಡವನ್ನು ಪರೀಕ್ಷಿಸುವ ನಿಯಮವನ್ನಿಟ್ಟುಕೊಂಡು, ಒಬ್ಬ ಮರಾಠಾ ಚಿತ್ರಗಾರನಿಂದ ಅವುಗಳ ಚಿತ್ರಗಳನ್ನು ಬರೆಯಿಸಿದನು. ನಮ್ಮ ಮಲೆನಾಡಿನ ಹೂವುಗಳ ಆ ಚಿತ್ರಗಳು ಇಂದು ಸ್ಕಾಟ್ಲೆಂಡಿನ ಎಡಿನ್‌ಬರೋ ತೋಟದ ಸಂಗ್ರಹದಲ್ಲಿವೆ. ಕ್ಯಾಮರನ್ನನ ಕಾಲದಲ್ಲಿ ಲಾಲ್‌ಬಾಗಿನ ಗಿಡಗಳನ್ನು ಬರೆದ ಚೆಲುವಯ್ಯ ರಾಜುವಿನ ಹೆಸರು ಉಳಿದುಬಂದಿರುವು ನಮ್ಮ ಭಾಗ್ಯ. ಸಸ್ಯಶಾಸ್ತ್ರದಲ್ಲಿ ಗಿಡದ ಹೆಸರಿನೊಡನೆ ಅದನ್ನು ವರ್ಣಿಸಿದವನ ಹೆಸರನ್ನೂ ಸೇರಿಸುವ ಸಂಪ್ರದಾಯವಿದೆ. ಬೆಳೆಸಿದವನನ್ನೂ ಬರೆದವನನ್ನೂ ಸೇರಿಸುವ ಸಂಪ್ರದಾಯವಿಲ್ಲ. ಚರಿತ್ರೆಯು ಆ ಕೊರತೆಯನ್ನು ತುಂಬಬೇಕಾಗಿದೆ.

ಒಟ್ಟಿನಲ್ಲಿ ನೋಡಿದರೆ, ಪರದೇಶದ ಗಿಡವೆಂಬ ಕಾರಣಕ್ಕೆ ಯಾವುದನ್ನೂ ಹಳಿಯಬೇಕಾಗಿಲ್ಲ. ಮೆಕ್ಸಿಕೋ ಮೂಲದ ಚೆಂಡುಹೂವಿಲ್ಲದೆ ನಮ್ಮ ಆಯುಧಪೂಜೆಯಿಲ್ಲ. ಅಮೆರಿಕಾ ಮೂಲದ ದೇವಗಣಗಿಲೆಯು ನಮ್ಮ ಗುಡಿಗಳ ಅಂಗಳದಲ್ಲಿ ನಿಂತಿದೆ. ಜನರು ಒಪ್ಪಿಕೊಂಡುದು ನಾಡಿನದೇ ಆಗುತ್ತದೆ. ಆದರೆ ಒಪ್ಪಿಕೊಂಡುದು ಬೇರೆ, ಹೇರಿದುದು ಬೇರೆ, ತಾನಾಗಿ ಹಬ್ಬಿದುದು ಬೇರೆ. ಈ ಮೂರನ್ನೂ ವಿಂಗಡಿಸುವುದೇ ಸಸ್ಯಗಳ ಮೂಲಕ ಚರಿತ್ರೆಯನ್ನು ಓದುವ ಕ್ರಮ. ಲಾಲ್‌ಬಾಗಿನಲ್ಲಿ ಟಿಪ್ಪುವಿನ ಕಾಲದ್ದೆಂದು ತೋರಿಸುವ ಮಾವು, ಕುಂಪಣಿಯ ಉಪಯೋಗದ ಲೆಕ್ಕ, ಕ್ಯೂ ತೋಟದ ಮಾದರಿ, ಮೈಸೂರರಸರ ವಿಸ್ತರಣ ಇವೆಲ್ಲವೂ ಒಂದರ ಪಕ್ಕದಲ್ಲೊಂದು ನಿಂತಿವೆ. ೪೦ ಎಕರೆಗಳ ತೋಟವು ಇಂದು ೨೪೦ ಎಕರೆಗಳಾಗಿದೆ. ಯಾವ ಕಾಲವೂ ತನ್ನ ಹಿಂದಿನದನ್ನು ಪೂರ್ತಿಯಾಗಿ ಅಳಿಸಿಲ್ಲ.

ಕಡೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ಹಳೆಯ ಪ್ರವಾಸಿ ಬಂಗಲೆಗಳು, ರೈಲ್ವೆ ನಿಲ್ದಾಣಗಳು, ಕಾಫಿ ತೋಟದ ಮನೆಗಳು, ಕಚೇರಿಗಳ ಆವರಣಗಳು ನಮ್ಮ ಪ್ರತಿಯೊಂದು ಜಿಲ್ಲೆಯಲ್ಲಿಯೂ ಇವೆ. ಅಲ್ಲಿನ ಹಳೆಯ ಮರಗಳು ಯಾವುವು, ಸುತ್ತಣ ಹಳ್ಳಿಗರು ಅವಕ್ಕೆ ಇಟ್ಟಿರುವ ಹೆಸರೇನು, ಯಾರು ತಂದರೆಂದು ಹಿರಿಯರು ಹೇಳುತ್ತಾರೆ ಎಂಬುದನ್ನು ಬರೆದಿಡುವುದು ಯಾರಿಗಾದರೂ ಸಾಧ್ಯವಾದ ಕೆಲಸ. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಸಸ್ಯನಾಮಗಳು ಹೇರಳವಾಗಿವೆ. ಆದರೆ ಊರಿಗೊಂದರಂತೆ ಬದಲಾಗುವ ಹೆಸರುಗಳನ್ನು ಯಾವ ಒಂದು ನಿಘಂಟೂ ಹಿಡಿದಿಡಲಾರದು. ಕಲ್ಲಿನ ಶಾಸನವು ಮಣ್ಣಿನಲ್ಲಿ ಹೂತುಹೋದರೂ ಮುಂದೊಂದು ದಿನ ದೊರೆಯಬಹುದು. ಮರವನ್ನು ಕಡಿದು, ಅದರ ಹೆಸರನ್ನು ಬಲ್ಲ ಮುದುಕಿಯೂ ತೀರಿಕೊಂಡ ಮೇಲೆ, ಆ ಶಾಸನವನ್ನು ಮತ್ತೆ ಅಗೆದು ತೆಗೆಯಲು ಸಾಧ್ಯವಿಲ್ಲ.